ಹದ್ದಿನಗುಂಡಿನಿಂದ ಹೋದ ಮಾತು

ನೆನೆದ ಕುರಿಯ ವಾಸನೆ ನನ್ನ ತಂಗಿಗೆ ಆಗುವುದಿಲ್ಲ. ಹೊಳವನಹಳ್ಳಿಯ ನೆಂಟರ ಮನೆಯಲ್ಲಿ ಒಬ್ಬಟ್ಟು ತಿಂದು, ಗೊರವನಹಳ್ಳಿ ಲಕ್ಷ್ಮಿಯ ದರ್ಶನ ಮಾಡಿಕೊಂಡು ಬರೋಣವೆಂದು ಇಬ್ಬರೂ ಬಸ್ಸು ಹತ್ತಿದ್ದೆವು. ಊರು ದಾಟಿದ್ದೇ ತಡ, ಸೋನೆ ಮಳೆಯಲ್ಲಿ ಒಂದು ಮಂದೆ ರಸ್ತೆಗೆ ಅಡ್ಡ ಬಂತು. ಡ್ರೈವರು ಹಾರನ್ನು ಹೊಡೆದು ಹೊಡೆದು ಸಾಕಾಗಿ ಇಂಜಿನ್ನನ್ನೇ ಆರಿಸಿದ. ತಂಗಿ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಕಿಟಕಿ ಹಾಕೇ ಅಕ್ಕ, ಹೊಟ್ಟೆ ತೊಳಸ್ತಿದೆ" ಅಂದಳು. ನಾನು ಹಾಕಲಿಲ್ಲ. ಈ ವಾಸನೆ ಬಂದಾಗೆಲ್ಲ ನನಗೂ ಸಂಕಟವಾಗುತ್ತದೆ, ಆದರೆ ಅದು ಬೇರೆ ಸಂಕಟ. ತಂಗಿಗೆ ಯಾವತ್ತೂ ಹೇಳಿಲ್ಲ. ಹೇಳಿದರೆ, "ಕುರಿಗೆಲ್ಲ ಇಷ್ಟು ವರ್ಷ ಕೊರಗ್ತಾರೇನೇ" ಎಂದು ನಗುತ್ತಾಳೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು ಮಳೆಗಾಲ. ನಾನಾಗ ಬೆಂಗಳೂರಿನ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಇಂಜಿನಿಯರು. ಕಂಪನಿ ಅಂದರೆ ಶೀಟು ಹೊದಿಸಿದ ಒಂದು ಷೆಡ್ಡು, ಬೆಸುಗೆಯ ಹೊಗೆ, ಮತ್ತು ಯಜಮಾನರಾದ ಶ್ರೀನಿವಾಸಯ್ಯನವರ ಬಾಯಿತುಂಬ ಕನಸು. ಆಗ ಮಿಲಿಟರಿಯವರ ವೈರ್‌ಲೆಸ್ ಸೆಟ್ಟುಗಳನ್ನು ಮಾಡುತ್ತಿದ್ದುದು ಒಂದು ದೊಡ್ಡ ಸರ್ಕಾರಿ ಕಾರ್ಖಾನೆ. ಪೊಲೀಸರ ಸೆಟ್ಟು ಮುಂಬಯಿಯ ಒಂದು ಖಾಸಗಿ ಕಂಪನಿಯದು. ಇದರ ಮಾತು ಅದಕ್ಕೆ ಕೇಳದು, ಅದರ ಮಾತು ಇದಕ್ಕೆ ಕೇಳದು. ಕೆರೆ ಒಡೆದು ಊರು ಮುಳುಗುತ್ತಿದ್ದರೂ ಮಿಲಿಟರಿಯವನು ಪಕ್ಕದಲ್ಲೇ ನಿಂತ ಪೊಲೀಸನಿಗೆ ಕೈಸನ್ನೆ ಮಾಡಬೇಕಿತ್ತು. ಆ ಸೆಟ್ಟುಗಳನ್ನು ಒಂದಕ್ಕೊಂದು ಮಾತಾಡಿಸುವ ಪೆಟ್ಟಿಗೆಯೊಂದು ಬೇಕು, ಮೂರು ಕಂಪನಿಗಳೂ ಕೂಡಿ ಮಾಡಿಕೊಡಿ ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ನಡುವಿನ ಪೆಟ್ಟಿಗೆ ನಮ್ಮ ಪಾಲಿಗೆ ಬಂತು. ಅದನ್ನು ನಾನು ಮನಸ್ಸಿಟ್ಟು ಮಾಡಿದ್ದೆ. ಒಂದಲ್ಲ ಒಂದು ದಿನ ಇದರಿಂದ ಯಾರದ್ದೋ ಜೀವ ಉಳಿಯುತ್ತದೆ ಎಂದು ನಂಬಿಯೇ ಮಾಡಿದ್ದೆ.

ಪರೀಕ್ಷೆಗೆ ಗೊತ್ತಾದದ್ದು ಮಧುಗಿರಿಗೂ ಕೊರಟಗೆರೆಗೂ ನಡುವಿನ ಒಂದು ಬೋಳು ಗುಡ್ಡ. ಜನ ಅದನ್ನು ಹದ್ದಿನಗುಂಡು ಅನ್ನುತ್ತಿದ್ದರು. ಮೇಲೆ ನಿಂತರೆ ಉತ್ತರಕ್ಕೆ ಪಾವಗಡದ ಬೆಟ್ಟ, ಪಡುವಲಿಗೆ ಸಿರಾದ ಬಯಲು, ಅಡ್ಡಿಯಿಲ್ಲದ ನೋಟ. ಉಸ್ತುವಾರಿಗೆ ನನ್ನನ್ನು ಕಳಿಸಿದರು. ನಮ್ಮದು ಪಟ್ಟನಾಯಕನಹಳ್ಳಿ ಹತ್ತಿರದ ಬೇಸಾಯದ ಮನೆ. "ಅದೇ ಕಡೆಯ ಹುಡುಗಿ, ಜನರನ್ನ ಒಪ್ಪಿಸ್ತಾಳೆ" ಎಂದು ಶ್ರೀನಿವಾಸಯ್ಯನವರು ಮಿಕ್ಕವರಿಗೆ ಹೇಳಿದ್ದರು. ಜನರನ್ನು ಒಪ್ಪಿಸುವುದು ಸುಲಭವಾಯಿತು, ಕಷ್ಟವಾದದ್ದು ಕಂಪನಿಯವರನ್ನು. ಮಧುಗಿರಿಯ ಪ್ರವಾಸಿ ಮಂದಿರದಲ್ಲಿ ದೊಡ್ಡ ಕಾರ್ಖಾನೆಯವನು ಊಟ ಮುಗಿಸಿ ಎದ್ದ ಮೇಲೆಯೇ ಮುಂಬಯಿಯವನು ಬಂದು ಕೂರುತ್ತಿದ್ದ. ತನ್ನ ಸೆಟ್ಟಿನ ಮುಚ್ಚಳ ತೆಗೆದು ತೋರಿಸಲು ಇಬ್ಬರೂ ಒಲ್ಲರು, ಹೆಣ್ಣು ತೋರಿಸುವುದಕ್ಕೂ ಯಾರೂ ಅಷ್ಟು ಬಿಂಕ ಮಾಡುವುದಿಲ್ಲ. ಅವರ ತಂತಿ ಇವರ ತೂತಿಗೆ ಕೂರದೆ, ಮಘೆ ಮಳೆ ಪೂರ್ತಿ ಅದರಲ್ಲೇ ಕಳೆಯಿತು.

ಬ್ಯಾಟರಿಗಳನ್ನು ಗುಡ್ಡಕ್ಕೆ ಹೊರುತ್ತಿದ್ದವಳು ಕ್ಯಾತಕ್ಕ. ಗುಡ್ಡದ ಬುಡದಲ್ಲಿ ಮುಳ್ಳುಬೇಲಿ ಹಾಕಿಕೊಂಡ ಗೊಲ್ಲರ ಹಟ್ಟಿಯವಳು. ಲಾರಿಗೆ ಹಾಕುವಂಥ ಬ್ಯಾಟರಿ ಅವು, ಎತ್ತಿದರೆ ನನ್ನ ನಡು ಹಿಡಿದುಕೊಳ್ಳುತ್ತಿತ್ತು. ಅವಳು ತಲೆಗೆ ಸಿಂಬಿ ಇಟ್ಟು, ಅದರ ಮೇಲೆ ಬ್ಯಾಟರಿ ಇಟ್ಟು, ಬಾಯಲ್ಲಿ ಎಲೆಅಡಿಕೆ ಅಗಿಯುತ್ತಾ ಬಂಡೆಯ ಮೇಲೆ ಹತ್ತಿಬಿಡುತ್ತಿದ್ದಳು. ಆಸಿಡ್ಡು ಸಿಡಿದು ಅವಳ ಸೀರೆಯಲ್ಲೆಲ್ಲ ತೂತು. ಮೊದಲ ದಿನ ನಾನು ಅವರ ಕಟ್ಟಿನಂತೆ ಹಟ್ಟಿಯ ಬೇಲಿಯಾಚೆಯೇ ಚಪ್ಪಲಿ ಬಿಟ್ಟು ಒಳಗೆ ಹೋದದ್ದನ್ನು ಕಂಡು ಅವಳಿಗೆ ನನ್ನ ಮೇಲೆ ಅಕ್ಕರೆ ಬಂದುಬಿಟ್ಟಿತ್ತು. "ಓದಿದ್ರೂ ನೀನು ನಮ್ಮೋಳೇ ಕಣಮ್ಮ" ಅಂದಿದ್ದಳು. ಆ ಮಾತಿಗೆ ನಾನು ಉಬ್ಬಿಹೋಗಿದ್ದೆ.

ಅವಳ ಗಂಡ ಜುಂಜಣ್ಣ ಕುರಿ ಕಾಯುತ್ತಿದ್ದ. ಬೇರೆ ವರ್ಷಗಳಲ್ಲಾದರೆ ಆ ತಿಂಗಳು ಗಂಡ ಹೆಂಡತಿ ಇಬ್ಬರೂ ಮಂದೆ ಹೊಡೆದುಕೊಂಡು ಸಿರಾ ಕಡೆಗೆ ಹೋಗಿಬಿಡುತ್ತಿದ್ದರಂತೆ. ಈ ಸಲ ಹೆಂಡತಿಗೆ ನಮ್ಮ ಕೂಲಿ ಸಿಕ್ಕಿತ್ತು, ಸಾಲದ್ದಕ್ಕೆ ಕುರಿಗಳು ಈದಿದ್ದವು, ಹಾಗಾಗಿ ಹಟ್ಟಿಯಲ್ಲೇ ಉಳಿದಿದ್ದರು. ಹಾಲು ಬಿಡದ ಎಳೆಮರಿಗಳನ್ನು ಮೇವಿಗೆ ಒಯ್ಯುವುದಿಲ್ಲ. ಬೆಳಿಗ್ಗೆ ತಾಯಿಗಳು ಹೊರಟ ಮೇಲೆ ಮರಿಗಳನ್ನು ಬಿದಿರಿನ ದೊಡ್ಡ ಮಂಕರಿಗಳ ಕೆಳಗೆ ಮುಚ್ಚಿಡುತ್ತಾರೆ. ಸಂಜೆ ಮಂದೆ ಬಂದು ಮಂಕರಿ ಎತ್ತಿದರೆ ಹಟ್ಟಿಯೆಲ್ಲ ಅರಚಾಟ. ಅಷ್ಟು ಗದ್ದಲದಲ್ಲೂ ಒಂದು ಮರಿ ತಪ್ಪಿ ಇನ್ನೊಂದರ ಕೆಚ್ಚಲಿಗೆ ಬಾಯಿ ಹಾಕಿದರೆ ತಾಯಿ ಮೂಸಿ ನೋಡಿ ಒದ್ದು ಕಳಿಸುತ್ತಿತ್ತು. ಗುಡ್ಡ ಇಳಿದ ಮೇಲೆ ನಾನು ಅದನ್ನು ನೋಡುವುದಕ್ಕೆಂದೇ ಹಟ್ಟಿಯಲ್ಲಿ ನಿಲ್ಲುತ್ತಿದ್ದೆ.

ಹಟ್ಟಿಯ ಆಚೆ ಅರಣ್ಯ ಇಲಾಖೆಯವರ ಹೊಸ ನೆಡುತೋಪು. ಅದರೊಳಗೆ ಕುರಿ ಬಿಡುವಂತಿಲ್ಲ. ಬಿಡುತ್ತಿದ್ದರು. ಕಂಡ ಗಾರ್ಡು ಕೊರಟಗೆರೆಗೆ ಹೋಗಿ ಹೇಳಿ, ಅಲ್ಲಿಂದ ಜೀಪು ಬರುವುದರೊಳಗೆ ಕುರಿ ಇನ್ನೊಂದು ಗುಡ್ಡ ದಾಟಿರುತ್ತಿದ್ದವು. ಇದು ಗಾರ್ಡಿಗೂ ಗೊತ್ತು, ರೇಂಜರಿಗೂ ಗೊತ್ತು. ಕಾನೂನಿಗೂ ಹಟ್ಟಿಗೂ ನಡುವೆ ಇದ್ದ ಅಷ್ಟು ದೂರದಲ್ಲೇ ಆ ಜನ ಬದುಕಿಕೊಂಡಿದ್ದರು. ನನಗೆ ಇದು ತಿಳಿದದ್ದು ಆಮೇಲೆ.

ಹುಬ್ಬೆ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಪೆಟ್ಟಿಗೆ ಮಾತಾಡತೊಡಗಿತು. ಪಾವಗಡದ ಬೆಟ್ಟದಲ್ಲಿ ಪೊಲೀಸ್ ಸೆಟ್ಟು ಹಿಡಿದು ಕೂತಿದ್ದವರು ಓಬಳೇಶಪ್ಪ, ಅರ್ಧ ತೆಲುಗಿನ ಆಳು. ಪರೀಕ್ಷೆಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದರೆ ಪ್ರಯೋಜನವಿಲ್ಲ, ಎರಡರ ಮುಂದೆ ಮೂರು ಎಂದು ಕೇಳದಿದ್ದರೂ ಹೇಳಬಹುದು. ಅದಕ್ಕೇ ನಮ್ಮಲ್ಲೊಂದು ರೂಢಿ ಇತ್ತು. ಕಣ್ಣಿಗೆ ಕಂಡದ್ದನ್ನು ಹೇಳಬೇಕು, ಆಚೆಯವನು ಅದನ್ನೇ ತಿರುಗಿ ಹೇಳಬೇಕು. "ಕೆಂಪು ಬಸ್ಸು ಹೋಗ್ತಾ ಇದೆ, ಟಾಪಿನ ಮೇಲೆ ಎರಡು ಸೈಕಲ್ಲು" ಅಂತ ನಾನು. "ಈಡ ಏಮೀ ಲೇದು ಮೇಡಂ, ಏನೂ ಇಲ್ಲ, ಬರೀ ಕಲ್ಲು, ಒಂದು ಕೋತಿ" ಅಂತ ಅವರು. ದಿನವೂ ಇಂಥದ್ದೇ ಹರಟೆ. ನಮ್ಮ ಮಾತು ನಮ್ಮಿಬ್ಬರಿಗಲ್ಲದೆ ಇನ್ಯಾರಿಗೂ ಬೇಕಿರಲಿಲ್ಲ.

ಮುಖ್ಯ ಪರೀಕ್ಷೆಯ ದಿನ ದೊಡ್ಡವರೆಲ್ಲ ಗುಡ್ಡ ಹತ್ತಿ ಬಂದರು. ಒಬ್ಬ ಕರ್ನಲ್, ಪೊಲೀಸಿನವರು, ನೀರಾವರಿಯವರು, ಮೂರೂ ಕಂಪನಿಯವರು. ಬರೀ ಸೈನ್ಯ, ಪೊಲೀಸು ಸಾಲದು, ಇನ್ನೊಂದು ಇಲಾಖೆಯೂ ಇರಲಿ ಎಂದು ಹಿಂದಿನ ಸಂಜೆಯಷ್ಟೇ ಕೊರಟಗೆರೆ ರೇಂಜಿನ ಅರಣ್ಯ ಜೀಪಿಗೂ ಒಂದು ಸೆಟ್ಟು ಕೂರಿಸಿದ್ದೆವು. ಅದನ್ನು ಪೆಟ್ಟಿಗೆಗೆ ಸೇರಿಸಿದ್ದು ನಾನೇ. ಕರ್ನಲ್ ಸಾಹೇಬರು ಕೈಕಟ್ಟಿ ನಿಂತು, ಬಾಯಿಪಾಠದ ಮಾತು ಬೇಡ, ಈಗ ಎದುರಿಗೆ ಏನು ಕಾಣುತ್ತದೋ ಅದನ್ನು ಹೇಳಿ ಅಂದರು. ಅದು ನಮ್ಮ ರೂಢಿಯೇ ಆಗಿತ್ತಲ್ಲ. ನನ್ನ ಕನ್ನಡಕಕ್ಕೆ ಮಂಜು ಹಿಡಿದಿತ್ತು. ಆಗತಾನೆ ಬ್ಯಾಟರಿ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ ಕ್ಯಾತಕ್ಕನನ್ನು, "ಆ ತೋಪಿನ ಹತ್ತಿರ ಮಿಸುಕಾಡ್ತಿದೆಯಲ್ಲ, ಏನದು?" ಎಂದು ಕೇಳಿದೆ.

"ಅಯ್, ನಮ್ ಕುರಿ ಕಣಮ್ಮ! ತೋಪೊಳ್ಗೇ ಬುಟ್ಟವ್ನೆ ನೋಡು ನಮ್ಮೋನು" ಅಂದಳು. ಅಷ್ಟು ಜನ ಸಾಹೇಬರ ಎದುರಿಗೆ ತನ್ನನ್ನು ಕೇಳಿದೆನೆಂದು ಅವಳ ಮುಖವೆಲ್ಲ ಹಿಗ್ಗು.

ನಾನು ಇಂಗ್ಲಿಷಿನಲ್ಲಿ, ಹದ್ದಿನಗುಂಡಿನ ಉತ್ತರಕ್ಕೆ, ಹೊಸ ನೆಡುತೋಪಿನ ಒಳಗೆ, ಒಂದು ಕುರಿ ಮಂದೆ, ಜೊತೆಗೆ ಒಬ್ಬ ಗಂಡಸು ಎಂದು ಸ್ಪಷ್ಟವಾಗಿ ಹೇಳಿದೆ. ಓಬಳೇಶಪ್ಪ ಪಾವಗಡದಿಂದ ಅಕ್ಷರ ತಪ್ಪದೆ ತಿರುಗಿ ಹೇಳಿದರು. ಸಿರಾದ ಬಯಲಿನಲ್ಲಿದ್ದ ಮಿಲಿಟರಿ ಸೆಟ್ಟಿನವನೂ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಕ್ಯಾತಕ್ಕನೂ ತಟ್ಟಿದಳು. ಆಗ ಯಾರೂ ಕರೆಯದ ಮೂರನೆಯ ದನಿಯೊಂದು ಕನ್ನಡದಲ್ಲಿ ಬಂತು. "ಮೆಸೇಜು ಸಿಕ್ತು. ತೋಪಿನ ಹತ್ರಾನೇ ಇದೀವಿ, ಹೊರಟ್ವಿ."

ನನಗೆ ಆ ಕ್ಷಣ ಆದದ್ದು ಸಂತೋಷ. ಮೂರನೆಯ ಸೆಟ್ಟೂ ಕೆಲಸ ಮಾಡುತ್ತಿದೆ ಎಂಬ ಸಂತೋಷ. ಇದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಕೆಳಗೆ ಕೆಂಪು ದಾರಿಯಲ್ಲಿ ಹಸಿರು ಜೀಪು ಓಡುವುದನ್ನು ಮೊದಲು ಕಂಡವಳು ಕ್ಯಾತಕ್ಕ. ಅವಳು ಬಂಡೆಯ ಅಂಚಿಗೆ ಓಡಿ, ಎರಡೂ ಕೈ ಬಾಯಿಗೆ ಇಟ್ಟು, "ಎಲೋ ಜುಂಜಾ! ಹೊಡ್ಕಳೋ! ಆಚೆಗೆ ಹೊಡ್ಕಳೋ!" ಎಂದು ಕೂಗಿದಳು. ಗಾಳಿ ಎದುರಿಗಿತ್ತು. ಇನ್ನೊಂದು ಸಲ ಕೂಗಿದಳು, ಕತ್ತಿನ ನರ ಉಬ್ಬಿಸಿಕೊಂಡು. ನನ್ನ ಮಾತು ಪಾವಗಡ ಮುಟ್ಟಿ ಬಂದಿತ್ತು, ಅವಳ ಮಾತು ಗುಡ್ಡದ ಬುಡವನ್ನೂ ಮುಟ್ಟಲಿಲ್ಲ.

ನಾನು ಮೈಕು ಎತ್ತಿಕೊಂಡು, ಅದು ಬರೀ ಪರೀಕ್ಷೆಯ ಮಾತು, ದಯವಿಟ್ಟು ಬಿಟ್ಟುಬಿಡಿ ಅಂದೆ. ಜೀಪಿನಲ್ಲಿದ್ದ ರೇಂಜರು ಮರ್ಯಾದೆಯಿಂದಲೇ ಹೇಳಿದರು. "ಪರೀಕ್ಷೇನೇ ಆಗ್ಲಿ ಮೇಡಂ, ಕುರಿ ಇದಾವೋ ಇಲ್ವೋ? ಕಣ್ಣೆದುರಿಗೇ ಕಾಣ್ತಿದಾವಲ್ಲ." ಕರ್ನಲ್ ಸಾಹೇಬರಿಗೆ ಬಲು ಖುಷಿಯಾಗಿತ್ತು. ಹೇಳಿಕೊಟ್ಟು ಮಾಡಿಸಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಸಾರಿ ಸಾರಿ ಹೇಳುತ್ತಿದ್ದಳು. ನಾನು ಮಾತು ಎಷ್ಟು ದೂರ ಹೋದೀತು ಎಂದು ಲೆಕ್ಕ ಹಾಕುವುದನ್ನಷ್ಟೇ ಕಲಿತಿದ್ದೆ.

ಕುರಿಗಳನ್ನು ಕೊರಟಗೆರೆಯ ದೊಡ್ಡಿಗೆ ಹೊಡೆದರು, ಜುಂಜಣ್ಣನೂ ಹಿಂದೆಯೇ ಹೋದ. ಶ್ರೀನಿವಾಸಯ್ಯನವರು ನನ್ನ ತಲೆ ಮೇಲೆ ಕೈ ಇಟ್ಟು, "ಸರೋಜಾ, ಗೆದ್ವಮ್ಮ. ಕುರಿ ವಿಚಾರ ಇಲಾಖೆಯೋರು ನೋಡ್ಕೋತಾರೆ, ನೀನು ಮನಸ್ಸಿಗೆ ಹಚ್ಕೋಬೇಡ" ಅಂದರು. ಅವರು ಒಳ್ಳೆಯವರೇ. ಪೆಟ್ಟಿಗೆಯನ್ನೂ ಸೆಟ್ಟುಗಳನ್ನೂ ಕಂಪನಿಯ ಜೀಪಿಗೆ ತುಂಬಿಸಿಕೊಂಡು ಮಧ್ಯಾಹ್ನವೇ ಬೆಂಗಳೂರಿಗೆ ಹೊರಟರು, ಉಳಿದ ಕಂಬ, ತಂತಿ ಬಿಚ್ಚಿಸಲು ನಾನೊಬ್ಬಳು ಉಳಿದೆ. ಸಂಜೆ ಹಟ್ಟಿಗೆ ಹೋದರೆ ಯಾರೂ ಮಂಕರಿ ಎತ್ತಿರಲಿಲ್ಲ. ಒಳಗಿಂದ ಮರಿಗಳು ಕೂಗುತ್ತಿದ್ದವು. ಹೆಂಗಸರು ಒಂದೊಂದೇ ಮರಿಯನ್ನು ಹೊರಗೆಳೆದು, ಆಡಿನ ಹಾಲಿಗೆ ಬಟ್ಟೆಯ ಬತ್ತಿ ಅದ್ದಿ ಬಾಯಿಗೆ ಇಡುತ್ತಿದ್ದರು. ಅರ್ಧ ಮರಿಗಳು ಕುಡಿದವು, ಅರ್ಧ ಉಗುಳಿದವು. ಒಂದು ಮುದುಕಿ ನನ್ನನ್ನು ನೋಡಿ ಆಚೆ ತಿರುಗಿ ಕೂತಳು. ಕ್ಯಾತಕ್ಕ ಮಾತ್ರ, "ನಿಂತ್ಕಂಡೇ ಇದೀಯಲ್ಲಮ್ಮ, ಕೂತ್ಕ" ಎಂದು ಕಂಬಳಿ ಹಾಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆಯೇ ನಾನು ರೇಂಜರ ಆಫೀಸಿಗೆ ಹೋಗಿ ಬೇಡಿಕೊಂಡೆ. ಅವರು ಕುರ್ಚಿ ಕೊಟ್ಟು, ಟೀ ತರಿಸಿದರು. "ನನಗೂ ಬೇಜಾರೇ ಮೇಡಂ. ಗಾರ್ಡು ಬಂದು ಹೇಳಿದ್ರೆ ನಾಳೆ ನೋಡೋಣ ಅಂತಿದ್ದೆ. ನೀವು ಅಷ್ಟು ಜನ ಆಫೀಸರ್ಸ್ ಮುಂದೆ ಕೂಗಿಬಿಟ್ರಿ. ಹಿಡೀದಿದ್ರೆ ಯಾಕೆ ಹಿಡೀಲಿಲ್ಲ ಅಂತಿದ್ರು, ಈಗ ಬಿಟ್ರೆ ಯಾಕೆ ಬಿಟ್ಟೆ ಅಂತಾರೆ." ತುಮಕೂರಿನ ದೊಡ್ಡ ಸಾಹೇಬರು ಹೇಳಿದರೆ ಬಿಡಬಹುದಿತ್ತು. ಅವರು ಟೂರಿನಲ್ಲಿದ್ದರು. ಹಾಗಾದರೆ ವೈರ್‌ಲೆಸ್ಸಿನಲ್ಲಿ ಕೇಳಿ ಅಂದೆ. ರೇಂಜರು ನನ್ನ ಮುಖ ನೋಡಿ, "ಸೆಟ್ಟು ನೀವೇ ಬಿಚ್ಕೊಂಡು ಹೋದ್ರಲ್ಲ ಮೇಡಂ" ಅಂದರು. ಹಿಡಿಯುವ ಮಾತು ಒಂದೇ ಉಸಿರಿಗೆ ಬಂದಿತ್ತು, ಬಿಡುವ ಮಾತು ತಪಾಲಿನಲ್ಲೇ ಬರಬೇಕಾಯಿತು. ಕೊನೆಗೆ, ಮರಿಗಳನ್ನು ಇಲ್ಲಿಗೇ ತಂದು ಹಾಲು ಕುಡಿಸಿಕೊಂಡು ಹೋಗಿ, ನಾನು ಬೇಡ ಅನ್ನುವುದಿಲ್ಲ ಎಂದು ಅವರೇ ದಾರಿ ತೋರಿದರು.

ಹಟ್ಟಿಗೆ ವಾಪಸು ಬಂದು, ಬತ್ತಿಯ ಹಾಲು ಕುಡಿಯದೆ ಸೊರಗಿದ್ದ ಮರಿಗಳನ್ನು ಮಂಕರಿಗಳಲ್ಲಿ ತುಂಬಿ ನಾನೂ ಕ್ಯಾತಕ್ಕನೂ ಮಧ್ಯಾಹ್ನದ ಬಸ್ಸಿಗೆ ಕೈ ಅಡ್ಡ ಹಾಕಿದೆವು. ಜೋರು ಮಳೆ.

"ಏನಮ್ಮೋ ಇದು, ಬಸ್ಸೋ ದೊಡ್ಡೀನೋ? ಟಾಪಿಗೆ ಹಾಕು" ಅಂದ ಕಂಡಕ್ಟರು.

"ಟಾಪ್ ಮ್ಯಾಲೆ ಹಾಕಿದ್ರೆ ಸತ್ತೋಯ್ತವೆ ಕಣಣ್ಣ. ಅವ್ವನ್ ಮೊಲೆ ಕುಡಿಯಾಕೆ ಒಂಟವೆ, ಬುಡಣ್ಣ" ಅಂದಳು ಕ್ಯಾತಕ್ಕ.

ಅವನು ಒಂದು ಮಂಕರಿಯೊಳಗೆ ಇಣುಕಿ ನೋಡಿ, "ಹತ್ತು, ಹತ್ತು. ಗಬ್ಬೆಬ್ಬಿಸ್ಬುಟ್ರೆ ನೀನೇ ತೊಳೀಬೇಕು" ಎಂದು ಸೀಟಿ ಊದಿದ. ಜಾಗವಿಲ್ಲದೆ ಅವಳು ಎರಡು ಮಂಕರಿಗಳ ಜೊತೆ ಹಿಂದುಗಡೆ ಕೂತಳು, ಇನ್ನೊಂದನ್ನು ಇಟ್ಟುಕೊಂಡು ನಾನು ಮುಂದೆ ಕೂತೆ. ಕೂರುವ ಮುಂಚೆ ಅವಳು ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು. "ಸರೋಜಮ್ಮ, ನೆನ್ನೆ ಅದ್ರಾಗೆ ಏನಂದೆ ನೀನು? ಇಂಗ್ಲೀಸ್ನಾಗೆ ಅಂದ್ಯಲ್ಲ."

"ನೀನು ಹೇಳಿದ್ದನ್ನೇ ಹೇಳ್ದೆ ಕ್ಯಾತಕ್ಕ. ತೋಪಿನೊಳಗೆ ಕುರಿ ಇದಾವೆ ಅಂದೆ. ಅವರು ಕೇಳಿಸ್ಕೊತಿರ್ತಾರೆ ಅಂತ ನನಗೆ ಹೊಳೀಲೇ ಇಲ್ಲ."

"ಅಂಗಾರೆ ನಾನೇ ಹಿಡ್ಕೊಟ್ಟಂಗಾಯ್ತು" ಅಂದಳು. ಇಲ್ಲ, ನಿನ್ನದೇನೂ ತಪ್ಪಿಲ್ಲ, ನನ್ನದು ಎಂದು ನಾನು ಹೇಳುವುದರೊಳಗೆ ಯಾರೋ ನಡುವೆ ನುಗ್ಗಿದರು. ಅವಳು ಆ ಭಾರವನ್ನೂ ತಲೆ ಮೇಲೆ ಹೊತ್ತುಕೊಂಡು ಹಿಂದಕ್ಕೆ ಹೋದಳು.

ಬಸ್ಸಿನ ಟಾಪು ಸೋರುತ್ತಿತ್ತು. ನನ್ನ ಮಂಕರಿಯಲ್ಲಿ ಎಲ್ಲಕ್ಕಿಂತ ಚಿಕ್ಕದೊಂದು ಮರಿ, ಕಿವಿಯ ಮೇಲೆ ಕಂದು ಮಚ್ಚೆಯದು, ಹನಿ ಬಿದ್ದು ಬಿದ್ದು ನಡುಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಕುರಿ ಕಾಣದವಳೇನಲ್ಲ ನಾನು, ನಮ್ಮ ಹೊಲದಲ್ಲೂ ಮಂದೆ ನಿಲ್ಲಿಸುತ್ತಿದ್ದರು. ಅದನ್ನು ಎತ್ತಿ ತೊಡೆಯ ಮೇಲಿಟ್ಟು, ಬ್ಯಾಗಿನಿಂದ ನನ್ನ ಟವೆಲ್ಲು ತೆಗೆದು ಮೈಯೆಲ್ಲ ಚೆನ್ನಾಗಿ ಒರೆಸಿದೆ. ತಲೆಯಿಂದ ಬಾಲದವರೆಗೆ, ಮಗುವನ್ನು ಒರೆಸುವ ಹಾಗೆ. ಆಮೇಲೆ ಸ್ವೆಟರಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡೆ. ಅದು ಕಣ್ಣು ಮುಚ್ಚಿತು. ಹಿಂದಿನ ದಿನದಿಂದ ಮೊದಲ ಸಲ ನನ್ನ ಮನಸ್ಸು ಒಂದಿಷ್ಟು ಹಗುರಾಯಿತು.

ದೊಡ್ಡಿಯಲ್ಲಿ ಪಾದ ಮುಳುಗುವಷ್ಟು ಕೆಸರು. ಜುಂಜಣ್ಣ ಗೋಡೆಗೆ ಒರಗಿ ಕಂಬಳಿ ಹೊದ್ದು ಕೂತಿದ್ದ. ಮರಿಗಳ ಕೂಗು ಕೇಳಿದ್ದೇ ಕುರಿಗಳು ಒಂದರ ಮೇಲೊಂದು ಬಿದ್ದು ಬಂದವು. ಹಾಲು ಕಟ್ಟಿ ಕೆಚ್ಚಲು ಕಲ್ಲಿನಂತಾಗಿದ್ದವು. ಕ್ಯಾತಕ್ಕ ಒಂದೊಂದೇ ಮರಿಯನ್ನು ಬಿಟ್ಟಳು, ಒಂದೊಂದೇ ತಾಯಿ ಮೂಸಿ, ಗುರುತು ಹಿಡಿದು, ಕಾಲು ಅಗಲಿಸಿ ನಿಂತಿತು. ಜುಂಜಣ್ಣ ಆ ಕೆಸರಿನಲ್ಲೂ ನಕ್ಕ. ಕೊನೆಗೆ ನಾನು ಸ್ವೆಟರು ಬಿಚ್ಚಿ ಮಚ್ಚೆಕಿವಿಯದನ್ನು ಇಳಿಸಿದೆ. ಅದರ ತಾಯಿ ಕೂಗುತ್ತಲೇ ಬಂತು, ಮೂಸಿತು, ಇನ್ನೊಮ್ಮೆ ಮೂಸಿತು. ಆಮೇಲೆ ತಲೆ ತಗ್ಗಿಸಿ ಗುದ್ದಿತು. ಮರಿ ಎದ್ದು ಮತ್ತೆ ಹೋಯಿತು, ಮತ್ತೆ ಗುದ್ದಿತು.

ಕ್ಯಾತಕ್ಕ ಮರಿಯನ್ನು ಎತ್ತಿ ತಾನೇ ಮೂಸಿ ನೋಡಿದಳು. "ಒರೆಸ್ದೆ ಏನಮ್ಮ?" ಅಂದಳು.

ನಾನು ಹೌದೆಂದು ತಲೆ ಆಡಿಸಿದೆ.

ಅವಳು ತಾಯಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ ಬಳಿದಳು. ಮಡಿಲಲ್ಲಿದ್ದ ಉಪ್ಪು ಸವರಿದಳು. ಜುಂಜಣ್ಣ ತಾಯಿಯ ಕತ್ತನ್ನು ತೊಡೆಯ ಸಂದಿಯಲ್ಲಿ ಒತ್ತಿ ಹಿಡಿದ. ಏನು ಮಾಡಿದರೂ ಅದು ಒಲ್ಲೆ ಅಂದಿತು. ಸೋತು ಕ್ಯಾತಕ್ಕ ಮರಿಯನ್ನು ನನ್ನ ಕೈಗೆ ಕೊಟ್ಟಳು. "ಸೋಪಿನ್ ವಾಸ್ನೆ ಕೂತೈತೆ, ಅದುಕ್ ಗುರ್ತು ಹತ್ತಾಕಿಲ್ಲ. ಇನ್ನಿದು ನಿಂದೇ ಕಣಮ್ಮ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದ ಮಾತನ್ನು ಹೇಳಿದ್ದಳು ಅಷ್ಟೆ. ಅನ್ಯಾಯವನ್ನೂ ಉಪಕಾರವನ್ನೂ ನಾನು ಒಂದೇ ಕೈಯಲ್ಲಿ ಮಾಡಿದ್ದೆ, ಎರಡರ ಪೆಟ್ಟೂ ಒಂದೇ ಹಟ್ಟಿಗೆ ಬಿದ್ದಿತ್ತು.

ತಪಾಲು ಬಂದು ಮಂದೆ ಬಿಡುಗಡೆಯಾಗುವವರೆಗೂ ಮರಿ ಮಧುಗಿರಿಯ ನನ್ನ ಬಾಡಿಗೆ ರೂಮಿನಲ್ಲಿತ್ತು. ಹಸುವಿನ ಹಾಲಿಗೆ ಬತ್ತಿ ಅದ್ದಿ ಕುಡಿಸಿದೆ. ಬದುಕಿಕೊಂಡಿತು. ಸಂತೆಗೆ ಹೋದರೆ ಹಿಂದೆ, ಕಂಬ ಬಿಚ್ಚಿಸಲು ಗುಡ್ಡಕ್ಕೆ ಹೋದರೆ ಹಿಂದೆ. ನನ್ನ ದನಿ ಕೇಳಿದರೆ ಸಾಕು, ಎಲ್ಲಿದ್ದರೂ ಕೂಗಿಕೊಂಡು ಓಡಿ ಬರುತ್ತಿತ್ತು. ಅಷ್ಟರಲ್ಲಿ ಪ್ರವಾಸಿ ಮಂದಿರಕ್ಕೆ ಶ್ರೀನಿವಾಸಯ್ಯನವರ ಫೋನು ಬಂತು. ಆರ್ಡರು ನಮಗೇ ಸಿಕ್ಕಿದೆ, ದೊಡ್ಡವರೆಲ್ಲ ಸೇರುತ್ತಾರೆ, ಆ ಕುರಿಯ ಪ್ರಸಂಗವನ್ನು ಎದ್ದು ನಿಂತು ಹೇಳಬೇಕಾದವಳು ನೀನೇ, ಇವತ್ತೇ ಹೊರಡು ಅಂದರು. ನಾನು ಹೊರಟೆ. ಹೋಗಿ ಹೇಳಿದೆ ಕೂಡ. ಎಲ್ಲರೂ ಮೆಚ್ಚಿದರು, ಅಲ್ಲಿಂದಾಚೆ ನಾನು ಮೇಲೆ ಮೇಲೆ ಹೋದದ್ದೂ ಆ ಮಾತಿನಿಂದಲೇ.

ಹೊರಟ ದಿನ ಮರಿಯನ್ನು ಎತ್ತಿಕೊಂಡು ಹಟ್ಟಿಯ ಹತ್ತಿರದ ರಸ್ತೆಯಲ್ಲಿ ಬಸ್ಸಿಗೆ ಕಾದೆ. ಕ್ಯಾತಕ್ಕ ಬಂದಳು. ಬೆಂಗಳೂರಿನಲ್ಲಿ ನಾನಿರುವುದು ಹಾಸ್ಟೆಲಿನಲ್ಲಿ ಅಂದೆ.

"ಅಲ್ಲಿ ಹೆಂಗ್ ಸಾಕ್ತೀಯ, ಕೊಡಿಲ್ಲಿ" ಎಂದು ಅವಳು ಕೈ ಚಾಚಿದಳು. ಮರಿಯ ಬಾಯಿಯಿಂದ ನನ್ನ ಸೆರಗನ್ನು ಅವಳೇ ಬಿಡಿಸಿದಳು. ಬಸ್ಸು ಬಂತು, ಹತ್ತಿ ಕಿಟಕಿಯ ಪಕ್ಕ ಕೂತೆ. "ಬರ್ತೀನಿ ಕ್ಯಾತಕ್ಕ" ಅಂದೆ. ನಾನು ಬಾಯಿ ತೆರೆಯಬಾರದಿತ್ತು. ದನಿ ಕೇಳಿದ್ದೇ ಮರಿ ಅವಳ ಕೈಯಿಂದ ಜಾರಿ ಚಕ್ರದವರೆಗೂ ಓಡಿ ಬಂದು, ತಲೆ ಎತ್ತಿ ಕೂಗತೊಡಗಿತು. ಅವಳು ಬಾಚಿ ಹಿಡಿದುಕೊಂಡಳು. ಬಸ್ಸು ಹೊರಟಿತು.

"ಪಾಪ, ತಾಯಿ ಎಲ್ಲೋ ಕಳ್ಕೊಂಡೈತೆ" ಅಂದಳು ಪಕ್ಕದ ಸೀಟಿನ ಹೆಂಗಸು. ತಾಯಿ ಟಿಕೆಟ್ಟು ತೆಗೆದುಕೊಂಡು ಅವಳ ಮಗ್ಗುಲಲ್ಲೇ ಕೂತಿದ್ದಾಳೆ ಎಂದು ನಾನು ಹೇಳಲಿಲ್ಲ.